ಆಂಬುಲೆನ್ಸಿಗೆ ಯಾವ ಆಯಿಲ್ ಎಂಬ ವಿಷಯವಾಗಿ

ಸಾರ್ವಜನಿಕ ಆಸ್ಪತ್ರೆಯ ಏಕೈಕ ಆಂಬುಲೆನ್ಸಿನ ಎಂಜಿನ್ ಆಯಿಲ್ ಬದಲಿಸುವ ಕಾಲ ಬಂದಿದೆ ಎಂಬ ಸಂಗತಿಯನ್ನು ಅದರ ಚಾಲಕನು ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಲಿಖಿತವಾಗಿ ಮೇಲಧಿಕಾರಿಗಳ ಗಮನಕ್ಕೆ ತಂದನು. ಅಲ್ಲೇ ಅವನು ಕೆಟ್ಟ. ಬಾಯಿ ಮುಚ್ಚಿಕೊಂಡು ಅಂಗಡಿಯಿಂದ ಎರಡು ಡಬ್ಬ ತಂದು ಸುರಿದಿದ್ದರೆ ಆಂಬುಲೆನ್ಸು ತನ್ನ ಪಾಡಿಗೆ ಓಡುತ್ತಿತ್ತು, ನಮಗೂ ಹೇಳಲು ಏನೂ ಇರುತ್ತಿರಲಿಲ್ಲ.

ಆದರೆ ಅವನದೂ ತಪ್ಪೆನ್ನಲಾಗದು. ಹತ್ತೊಂಬತ್ತು ವರ್ಷ ತಾತ್ಕಾಲಿಕ ನೌಕರನಾಗಿ ಸವೆದವನು. ತಿಂಗಳ ಕೊನೆಗೆ ತಪಾಸಣಾಧಿಕಾರಿ ಬರುತ್ತಾರೆಂದೂ, ಯಾವ ಚಾಲಕನ ವಾಹನ ಅಂದು ಚಲಿಸುವ ಸ್ಥಿತಿಯಲ್ಲಿರುತ್ತದೋ ಆ ಚಾಲಕನನ್ನು ಖಾಯಂ ಮಾಡಲಾಗುವುದೆಂದೂ ಸುತ್ತೋಲೆ ಬಂದಿತ್ತು. ಹೆಂಡತಿ ಮನೆಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದಳು: "ಈ ಸಲಾನೂ ಏನಾದ್ರೂ ಎಡವಟ್ಟು ಮಾಡ್ಕೊಂಡು ಬಂದ್ರೆ ಆ ಗಾಡೀಲೇ ಮಲ್ಕೊಳಿ. ಮನೆ ಕಡೆ ತಲೆ ಹಾಕ್ಬೇಡಿ." ಹಾಗಾಗಿ ಅವನು ಎಲ್ಲವನ್ನೂ ಕಾಗದದ ಮೇಲೆ ಮಾಡಲು ಹೊರಟ.

ಆಸ್ಪತ್ರೆಯ ಅಧೀಕ್ಷಕರು ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಆಯಿಲ್ ಅಂದ್ರೆ ಯಾವ ಆಯಿಲ್?"

"ಎರಡು ಥರ ಬರುತ್ತೆ ಸಾರ್. ಪೂರ್ತಿ ಸಿಂಥೆಟಿಕ್ ಒಂದು. ಅದನ್ನೇ ಮಾಮೂಲಿ ಆಯಿಲ್ ಜೊತೆ ಸೇರಿಸಿದ ಮಿಶ್ರದ್ದು ಇನ್ನೊಂದು."

"ಎರಡಿದೆಯಾ?" ಅಧೀಕ್ಷಕರ ಮುಖ ಗಂಭೀರವಾಯಿತು. "ಒಂದೇ ಇದ್ದಿದ್ರೆ ಈಗಲೇ ಸಹಿ ಹಾಕಿಬಿಡ್ತಿದ್ದೆ ಕಣಯ್ಯ."

ನಿಯಮದಂತೆ ತಜ್ಞರ ಅಭಿಪ್ರಾಯ ಕೇಳಲಾಯಿತು. ತಜ್ಞನೆಂದರೆ ಆಸ್ಪತ್ರೆಯ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್, ಚಾಲಕನ ಹಳೆಯ ಗೆಳೆಯ. ಅವನು ಅಳತೆಕಡ್ಡಿಯನ್ನು ಹೊರಗೆಳೆದು, ಬೆರಳಿಗೆ ಒರೆಸಿಕೊಂಡು, ಮೂಸಿ ನೋಡಿದ. "ಒಳಗಿರೋದು ಡಾಂಬರಾಗಿದೆಯಲ್ಲೋ! ಪೂರ್ತಿ ಸಿಂಥೆಟಿಕ್ ಹಾಕಿದ್ರೆ ಜಾಸ್ತಿ ದಿನ ಬರುತ್ತೆ, ಮಿಶ್ರದ್ದಾದ್ರೆ ಸ್ವಲ್ಪ ಬೇಗ ಬದಲಾಯಿಸ್ಬೇಕು. ಇಷ್ಟೇ ವ್ಯತ್ಯಾಸ. ಯಾವುದಾದ್ರೂ ಆಗುತ್ತೆ, ಇವತ್ತೇ ಸುರಿ ಪುಣ್ಯಾತ್ಮ."

ಅಭಿಪ್ರಾಯದ ನಮೂನೆಯಲ್ಲಿ ಎರಡು ಚೌಕಗಳಿದ್ದವು. 'ಯಾವುದಾದ್ರೂ ಆಗುತ್ತೆ' ಎಂಬುದಕ್ಕೆ ಚೌಕವಿರಲಿಲ್ಲ. ಮೆಕ್ಯಾನಿಕ್ ಎರಡರಲ್ಲೂ ಗುರುತು ಹಾಕಿದ. ತಜ್ಞರಲ್ಲಿ ಒಮ್ಮತವಿಲ್ಲವೆಂದು ಷರಾ ಬರೆದು ಕಡತವನ್ನು ಸಮಿತಿಗೆ ಒಪ್ಪಿಸಲಾಯಿತು.

ಸಮಿತಿಯಲ್ಲಿ ಐವರು. ಅಧ್ಯಕ್ಷರಾಗಿ ಅಧೀಕ್ಷಕರು. ವಿಷಯವನ್ನು ಕೂಲಂಕಷವಾಗಿ ನೋಡಬೇಕಾದ್ದರಿಂದ ಕಣ್ಣಿನ ಡಾಕ್ಟರು. ಎಣ್ಣೆಯ ಅನುಭವವಿರುವ ಅಡುಗೆಮನೆ ಮೇಲ್ವಿಚಾರಕಿ. ಬೀಗದ ಕೈ ಇರುವ ಉಗ್ರಾಣಿಕ. ಸಾರ್ವಜನಿಕರ ಪರವಾಗಿ ಒಬ್ಬರಾದರೂ ಇರಲೆಂದು ಅಧೀಕ್ಷಕರ ಭಾಮೈದ.

ಮೊದಲ ಸಭೆಯಲ್ಲೇ ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿದರು: "ಒಂದು ಎಣ್ಣೆಗೆ ಇನ್ನೊಂದು ಬೆರೆಸೋದನ್ನ ಕಲಬೆರಕೆ ಅಂತಾರೆ. ನನ್ನ ಅಡುಗೆಮನೇಲಿ ಅದಕ್ಕೆ ಕೆಲಸದಿಂದ ತೆಗೀತೀನಿ." ಉಗ್ರಾಣಿಕನು, ಸಿಂಥೆಟಿಕ್ ಬಟ್ಟೆ ಹಾಕಿದರೆ ತನಗೆ ಮೈ ಕಡಿಯುತ್ತದೆಂದೂ, ಎಂಜಿನ್ನಿಗೆ ಹಾಗಾಗುವುದಿಲ್ಲ ಎಂಬ ಖಾತರಿ ಬೇಕೆಂದೂ ಕೇಳಿದ. ಎರಡನ್ನೂ ದಾಖಲಿಸಿಕೊಳ್ಳಲಾಯಿತು. ಕಣ್ಣಿನ ಡಾಕ್ಟರು ಎರಡೂ ಡಬ್ಬಗಳ ಮೇಲಿನ ಅತಿ ಸಣ್ಣ ಅಕ್ಷರಗಳನ್ನು ಓದಿ, ಪೂರ್ತಿ ಸಿಂಥೆಟಿಕ್ ಆಯಿಲ್ ಚಳಿಯಲ್ಲಿ ಒಳ್ಳೆಯದೆಂದು ಬರೆದಿರುವುದನ್ನು ಪತ್ತೆಹಚ್ಚಿದರು.

"ಬರೆದದ್ದನ್ನ ಹಾಗೇ ನಂಬೋಕಾಗುತ್ತಾ? ನಾವೇ ಹೋಗಿ ನೋಡ್ಬೇಕು," ಎಂದ ಭಾಮೈದ.

ಅಧ್ಯಯನ ಪ್ರವಾಸಕ್ಕೆ ಸರ್ವಾನುಮತದ ಒಪ್ಪಿಗೆ ದೊರೆಯಿತು. ಚಳಿಗಾಗಿ ಗಿರಿಧಾಮ. ಮಿಶ್ರ ಆಯಿಲಿಗೆ ಅನ್ಯಾಯವಾಗಬಾರದೆಂದು, ಸೆಕೆಗಾಗಿ ಸಮುದ್ರತೀರ. ಬೇರೆ ವಾಹನದಲ್ಲಿ ಕೂತು ಈ ವಾಹನದ ಬಗ್ಗೆ ತೀರ್ಮಾನಿಸುವುದು ನ್ಯಾಯವಲ್ಲವಾದ್ದರಿಂದ ಆಂಬುಲೆನ್ಸಿನಲ್ಲೇ ಹೋಗತಕ್ಕದ್ದು. ಸದಸ್ಯರ ಕುಟುಂಬದವರು ಬಂದಲ್ಲಿ ವಾಹನದ ಮೇಲೆ ರೋಗಿಗಳಷ್ಟೇ ಭಾರ ಬಿದ್ದು ಅಧ್ಯಯನ ನೈಜವಾಗುವುದು.

ಆಸ್ಪತ್ರೆಯ ಗೇಟಿಗೆ ಪ್ರಕಟಣೆ ಅಂಟಿಸಿದರು:

"ಆಂಬುಲೆನ್ಸು ಅಧ್ಯಯನದಲ್ಲಿರುವ ಹನ್ನೆರಡು ದಿನಗಳ ಕಾಲ ಸಾರ್ವಜನಿಕರು ತಮ್ಮ ಕಾಯಿಲೆಗಳನ್ನು ಸಾಧ್ಯವಾದಷ್ಟು ಮುಂದೂಡಿ ಸಹಕರಿಸಬೇಕಾಗಿ ಕೋರಲಾಗಿದೆ. ಇದು ಹೆರಿಗೆಗಳಿಗೂ ಅನ್ವಯಿಸುತ್ತದೆ."

ಚಾಲಕ ಅಧೀಕ್ಷಕರ ಕೋಣೆಗೆ ಓಡಿದ. "ಸಾರ್, ಹಳೇ ಆಯಿಲಲ್ಲಿ ಅಷ್ಟು ದೂರ ಬೇಡ ಸಾರ್. ಬದಲಾಯಿಸಿಕೊಂಡೇ ಹೋಗೋಣ."

"ಯಾವುದು ಹಾಕ್ತೀಯಾ?"

"ಯಾವುದಾದ್ರೂ..."

"ನೋಡಿದ್ಯಾ? ಅದು ಗೊತ್ತಾಗಲಿ ಅಂತಾನೇ ಅಲ್ವೇನಯ್ಯ ಹೋಗ್ತಿರೋದು!"

ಹೋದರು. ಸ್ಟ್ರೆಚರಿನ ಮೇಲೆ ಮಕ್ಕಳು ಇಸ್ಪೀಟು ಆಡಿದರು. ಆಮ್ಲಜನಕದ ಸಿಲಿಂಡರಿಗೆ ಒದ್ದೆ ಟವೆಲು ಒಣಹಾಕಿದರು. ಊಟದ ಹೊತ್ತು ಮೀರುತ್ತಿದ್ದರೆ ಸೈರನ್ ಹಾಕಲು ಅಧ್ಯಕ್ಷರಿಗೆ ಅಧಿಕಾರವಿತ್ತು, ಅದನ್ನು ಅವರು ಮಿತವಾಗಿ, ದಿನಕ್ಕೆ ಮೂರೇ ಸಲ ಬಳಸಿದರು. ನಾಲ್ಕನೆಯ ದಿನ ಘಾಟಿ ಹತ್ತುವಾಗ ಚಾಲಕನ ಕಣ್ಣೆದುರು ಕೆಂಪು ದೀಪ ಹತ್ತಿಕೊಂಡಿತು.

"ಸಾರ್, ಆಯಿಲ್ ಲೈಟು!"

ಐವರೂ ಬಗ್ಗಿ ನೋಡಿದರು. "ಏನು ಹೇಳುತ್ತೆ ಅದು?"

"ಆಯಿಲ್ ಬೇಕು ಅನ್ನುತ್ತೆ ಸಾರ್."

"ಯಾವ ಆಯಿಲ್ ಬೇಕು ಅಂತ ಹೇಳುತ್ತಾ?"

"ಅದು ಹೆಂಗೆ ಹೇಳುತ್ತೆ ಸಾರ್? ಲೈಟು ಅದು."

"ಹಾಗಾದ್ರೆ ಅದು ಅಪೂರ್ಣ ಮಾಹಿತಿ," ಎಂದರು ಅಧೀಕ್ಷಕರು. ದೀಪ ಕಣ್ಣು ಕುಕ್ಕುತ್ತದೆಂದು ಡಾಕ್ಟರು ಆಕ್ಷೇಪಿಸಿದ್ದರಿಂದ ಅದರ ಮೇಲೆ ಬ್ಯಾಂಡೇಜು ಪಟ್ಟಿ ಅಂಟಿಸಿ, 'ಪರಿಶೀಲನೆಯಲ್ಲಿದೆ' ಎಂದು ಬರೆಯಲಾಯಿತು. ಚಾಲಕ ಉಳಿದ ಎಂಟು ದಿನ ಆ ಪಟ್ಟಿಯ ಅಂಚಿನಲ್ಲಿ ಒಸರುವ ಕೆಂಪನ್ನು ನೋಡುತ್ತಾ, ಒಳಗೊಳಗೇ ಕೈಮುಗಿಯುತ್ತಾ ಗಾಡಿ ಓಡಿಸಿದ. ಅಯ್ಯೋ, ಅವನ ಪಾಡು ಶತ್ರುವಿಗೂ ಬೇಡ.

ವಾಪಸು ಬರುವಾಗ ಆಸ್ಪತ್ರೆ ಇನ್ನು ಮೂರು ಕಿಲೋಮೀಟರ್ ಇದೆ ಎನ್ನುವಾಗ ಎಂಜಿನ್ ಒಮ್ಮೆ ಕಟಕಟ ಎಂದು ಹಲ್ಲು ಕಡಿದು, ಗಕ್ಕನೆ ನಿಂತಿತು. ಚಾಲಕ ಇಳಿದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಸುಡುತ್ತಿತ್ತು, ಆದರೂ ತೆಗೆಯಲಿಲ್ಲ. ನಡುರಸ್ತೆಯಲ್ಲಿ ಗೊಳೋ ಎಂದು ಅತ್ತುಬಿಟ್ಟ. ಸಮಿತಿಯವರು ಮೈಮುರಿದು, ಶಂಖ ಚಿಪ್ಪುಗಳ ಚೀಲಗಳನ್ನು ಇಳಿಸಿಕೊಂಡು, ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತು ಠರಾವು ಬರೆದರು: "ವಾಹನವು ಅಧ್ಯಯನ ಮುಗಿದ ನಂತರ ನಿಂತಿರುವುದರಿಂದ ಅಧ್ಯಯನಕ್ಕೆ ಯಾವುದೇ ಧಕ್ಕೆಯಾಗಿರುವುದಿಲ್ಲ."

ತಪಾಸಣೆಗೆ ಇನ್ನು ಒಂಬತ್ತು ದಿನ. ಚಾಲಕ ಅನ್ನ ನೀರು ಬಿಟ್ಟ. ಹೆಂಡತಿ ಬೈಯುವುದನ್ನೂ ಬಿಟ್ಟಳು, ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾದದ್ದು. ಮೂರನೆಯ ದಿನ ಅಧೀಕ್ಷಕರು ಕೋಣೆಗೆ ಕರೆಸಿ ಕುರ್ಚಿ ತೋರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಅವನಿಗೆ ಅಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

"ನೋಡಯ್ಯ, ಗಾಡಿ ಕೆಟ್ಟಿದೆ ಅಂತ ಬರೆದ್ರೆ ಯಾರು ಕೆಡಿಸಿದ್ದು ಅನ್ನೋ ಪ್ರಶ್ನೆ ಬರುತ್ತೆ. ನಮಗೂ ತೊಂದರೆ, ನಿನಗೂ ತೊಂದರೆ. ನಿಯಮ ತೆಗೆಸಿ ನೋಡ್ದೆ. ಚಾಲಕನ ಹತೋಟೀಲಿ ಮುಂದಕ್ಕೆ ಹೋಗೋ ವಾಹನಾನೇ ಚಲಿಸೋ ವಾಹನ ಅಂತ ಇದೆ. ಯಾವ ಬಲದಿಂದ ಹೋಗ್ಬೇಕು ಅಂತ ಎಲ್ಲೂ ಇಲ್ಲ."

ಚಾಲಕನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. "ಸಾರ್, ಎಂಜಿನ್ನು?"

"ನಿನಗೆ ಖಾಯಂ ಬೇಕೋ ಎಂಜಿನ್ ಬೇಕೋ?"

ಅವನು ತನ್ನ ಅಂಗೈಯ ಬೊಬ್ಬೆ ನೋಡಿಕೊಂಡ. "ಖಾಯಂ ಸಾರ್."

ತಪಾಸಣೆಯ ದಿನ ಎಂಟು ಮಂದಿ ವಾರ್ಡು ನೌಕರರು ಹಿಂದಿನಿಂದ ತಳ್ಳಿದರು. ಚಾಲಕ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಸ್ಟೇರಿಂಗ್ ಹಿಡಿದು ಆಸ್ಪತ್ರೆಗೆ ಒಂದು ಸುತ್ತು ಬಂದ. ತಪಾಸಣಾಧಿಕಾರಿ ಕೊಡೆಯ ನೆರಳಲ್ಲಿ ನಿಂತು ಕೇಳಿದರು: "ಹೊಗೆ ಬರೋದಿಲ್ವಾ?"

"ಸ್ವಲ್ಪಾನೂ ಇಲ್ಲ ಸಾರ್," ಎಂದರು ಅಧೀಕ್ಷಕರು.

"ಶಬ್ದಾನೂ ಇಲ್ಲ! ಬೇರೆ ಆಸ್ಪತ್ರೆಗಳಲ್ಲಿ ಆಂಬುಲೆನ್ಸ್ ಬಂದ್ರೆ ರೋಗಿಗಳಿಗೆ ನಿದ್ದೆ ಇಲ್ಲ. ಇದನ್ನ ಮಾದರಿ ವಾಹನ ಅಂತ ಬರೀರಿ."

ಖಾಯಂ ಆದೇಶ ಅಲ್ಲೇ ಕೈಗೆ ಬಂತು. ಚಾಲಕನ ಹೆಂಡತಿ ಅದನ್ನು ಕಣ್ಣಿಗೊತ್ತಿಕೊಂಡಳು. ತಿಂಗಳೊಳಗೆ ಎಂಟು 'ಹಿಂಬದಿ ಚಲನಾ ಸಹಾಯಕ' ಹುದ್ದೆಗಳು ಮಂಜೂರಾದವು. ಭಾಮೈದ ಅವರ ಮುಖ್ಯಸ್ಥನಾಗಿ, ತಳ್ಳುವಾಗ ಪಕ್ಕದಲ್ಲಿ ನಡೆಯುವ ಜವಾಬ್ದಾರಿ ಹೊತ್ತ. ಆಯಿಲಿನ ಬಳಕೆ ಸೊನ್ನೆಗೆ ಇಳಿದಿರುವುದರಿಂದ ಆಯ್ಕೆಗೆ ಆತುರವಿಲ್ಲವೆಂದು ವರದಿ ಕೊಟ್ಟ ಸಮಿತಿಯನ್ನೂ ಖಾಯಂ ಮಾಡಲಾಯಿತು. ಹೊಸ ನಿಯಮಗಳು ಗೇಟಿಗೆ ಬಂದವು: ರೋಗಿಯ ಜೊತೆ ತಳ್ಳಲು ಶಕ್ತರಾದ ನಾಲ್ವರು ಬಂಧುಗಳು ಇರತಕ್ಕದ್ದು. ಏರು ಬಂದಾಗ ರೋಗಿ ಇಳಿದು ನಡೆಯತಕ್ಕದ್ದು. ತಾನೇ ತಳ್ಳಬಲ್ಲ ರೋಗಿಯನ್ನು ರೋಗಿಯೆಂದು ಪರಿಗಣಿಸತಕ್ಕದ್ದಲ್ಲ. ಜನ ಮೊದಲು ಗೊಣಗಿದರು. ಆಮೇಲೆ ಮಕ್ಕಳನ್ನು ಗಟ್ಟಿಮುಟ್ಟಾಗಿ ಬೆಳೆಸತೊಡಗಿದರು.

ಒಂದು ದಿನ ಮೆಕ್ಯಾನಿಕ್ ಸಾಮಾನಿನ ಪೆಟ್ಟಿಗೆ ಹಿಡಿದು ಬಂದ. "ಲೋ, ಇದರ ಬಿಡಿಭಾಗ ಎಲ್ಲಾ ಹೊಂದಿಸಿದೀನಿ. ಒಂದು ವಾರ ಕೊಡು, ಎಂಜಿನ್ ಬಿಚ್ಚಿ ಕಟ್ಟಿ ಓಡಿಸ್ತೀನಿ. ಕೂಲಿನೂ ಬೇಡ ನನಗೆ."

ಮತ್ತೆ ಆ ಎಂಜಿನ್ನಿನ ಗುಡುಗುಡು ಕೇಳಬೇಕೆಂದು ಚಾಲಕ ಎಷ್ಟು ಹಂಬಲಿಸಿದ್ದನೋ ಅವನಿಗೇ ಗೊತ್ತು. ಆದರೂ ಜೇಬಿನಿಂದ ಆದೇಶ ತೆಗೆದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಗೆಳೆಯನಿಗೆ ತೋರಿಸಿದ. 'ವಾಹನವು ತಪಾಸಣೆಯ ದಿನದ ಸ್ಥಿತಿಯಲ್ಲಿಯೇ ಮುಂದುವರಿಯುವ ಷರತ್ತಿಗೆ ಒಳಪಟ್ಟು.'

ಮೆಕ್ಯಾನಿಕ್ ಎರಡು ಸಲ ಓದಿದ. "ಅಂದ್ರೆ ಇದು ಓಡಿದ ದಿನ ನಿನ್ನ ಕೆಲಸ ಹೋಗುತ್ತೆ?"

"ನಂದೊಂದೇ ಅಲ್ಲ. ಆ ಎಂಟು ಜನರದ್ದೂ." ಚಾಲಕ ಸುತ್ತ ನೋಡಿ ದನಿ ತಗ್ಗಿಸಿದ. "ಇದು ರಿಪೇರಿ ಆಗುತ್ತೆ ಅನ್ನೋದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ ಕಣೋ. ನಿನ್ನ ಕಾಲಿಗೆ ಬೀಳ್ತೀನಿ."

ಅಷ್ಟರಲ್ಲಿ ಒಳಗಿಂದ ಒಬ್ಬ ಅಜ್ಜಿಯನ್ನು ಸ್ಟ್ರೆಚರಿನಲ್ಲಿ ತಂದರು. ಎದೆನೋವು. ಹದಿನೆಂಟು ಕಿಲೋಮೀಟರ್ ಆಚೆಯ ದೊಡ್ಡಾಸ್ಪತ್ರೆಗೆ ಸಾಗಿಸಬೇಕಿತ್ತು. ಜೊತೆಗೆ ಮಗ, ಅಳಿಯ, ಮೊಮ್ಮಗಳು. ಭಾಮೈದ ಎಣಿಸಿ, "ಒಬ್ಬರು ಕಮ್ಮಿ," ಎಂದ. ಎಲ್ಲರೂ ಮೆಕ್ಯಾನಿಕ್ಕಿನ ಕಡೆ ತಿರುಗಿದರು. ಅವನು ಪೆಟ್ಟಿಗೆಯನ್ನು ಗೋಡೆಯ ಪಕ್ಕ ಇಟ್ಟು, ತೋಳು ಮಡಚಿ ಹಿಂದಕ್ಕೆ ಹೋದ.

"ಯಾವಾಗ ತಲುಪ್ತೀವಿ?" ಎಂದು ಕೇಳಿದ ಮಗ.

"ದಾರಿ ಹೆಚ್ಚುಕಮ್ಮಿ ಇಳಿಜಾರೇ," ಎಂದ ಚಾಲಕ, ಸೀಟಿನಲ್ಲಿ ಸರಿಯಾಗಿ ಕೂರುತ್ತಾ. "ನಾಳೆ ಸಂಜೆ ಒಳಗೆ ಮುಟ್ಟಿಸ್ತೀನಿ."

"ಅಬ್ಬಾ, ಸದ್ಯ," ಎಂದ ಮಗ. "ನಾಡಿದ್ದಾಗುತ್ತೇನೋ ಅಂದ್ಕೊಂಡಿದ್ದೆ."

ಚಾಲಕ ಸೈರನ್ ಹಾಕಿದ. ಗೇಟಿನ ಮುಂದಿದ್ದ ಗಾಡಿಗಳೆಲ್ಲ ಸರಿದು ದಾರಿ ಬಿಟ್ಟವು. ಹನ್ನೆರಡು ಜನ ಒಟ್ಟಿಗೆ ಉಸಿರು ಬಿಗಿಹಿಡಿದು ತಳ್ಳಿದರು. ಆಂಬುಲೆನ್ಸು ನಿಧಾನವಾಗಿ ರಸ್ತೆಗಿಳಿಯಿತು.

"ಎಷ್ಟು ಜೋಪಾನವಾಗಿ ಓಡಿಸ್ತಾನಪ್ಪ," ಎಂದಳು ಅಜ್ಜಿ ಒಳಗಿಂದ, ಎದೆ ಒತ್ತಿಕೊಂಡು. "ಒಂಚೂರೂ ಅಲ್ಲಾಡೋದಿಲ್ಲ."