ಆರು ಜಾಡಿ ಬಟಾಣಿ

ಆಂಬ್ರೋಸ್ ಟಿಲ್ಲಿಯನ್ನು ಸೈನ್ಯದವರು ಬೇಡವೆಂದದ್ದು ಅವನ ಚಪ್ಪಟೆ ಪಾದ ನೋಡಿ. ಆದರೆ ಅವನು ಕೆಟ್ಟದ್ದು ನಾಲಿಗೆಯಿಂದ. ಹೆಂಡತಿ ವಿನಿ ಕಾರ್ಖಾನೆಯಲ್ಲಿ ಯುದ್ಧವಿಮಾನದ ರೆಕ್ಕೆ ಜೋಡಿಸುತ್ತಿದ್ದಳು. "ಅವಳು ವಿಮಾನ ಕಟ್ತಾಳೆ, ನೀನೇನಪ್ಪಾ ಕಟ್ತೀಯ?" ಎಂದು ಕ್ಷೌರದಂಗಡಿಯಲ್ಲಿ ಯಾರೋ ಚುಚ್ಚಿದರು.

"ಹಿತ್ತಲ ಬಟಾಣಿ ಕೆಡದ ಹಾಗೆ ಬೇಯಿಸಿ ಜಾಡಿಗೆ ತುಂಬ್ತೀನಿ! ಶನಿವಾರ ಚರ್ಚಿನ ಜಾಡಿ ಸ್ಪರ್ಧೇಲಿ ಮೊದಲ ಬಹುಮಾನ ನಂದೇ, ಬರ್ಕೊಳ್ಳಿ!" ಎಂದುಬಿಟ್ಟ. ಸಂಜೆಯೊಳಗೆ ಅಮೆರಿಕದ ಅಯೋವಾದ ಆ ಪುಟ್ಟ ಊರಿಗೆಲ್ಲ ಸುದ್ದಿ ಮುಟ್ಟಿತು.

ಶನಿವಾರ ವಿನಿ ಕೆಲಸಕ್ಕೆ ಹೊರಟ ಮೇಲೆ ಪಕ್ಕದ ಮನೆಯ ಮಿಸೆಸ್ ಗ್ರೋಟ್, ಇಡೀ ಬೀದಿಗಿದ್ದ ಒಂದೇ ಒಂದು ಪ್ರೆಶರ್ ಕುಕ್ಕರನ್ನು ಕೂಸಿನಂತೆ ಎತ್ತಿಕೊಂಡು ಬಂದಳು.

"ಒತ್ತಡದ ಮುಳ್ಳು ಸೊನ್ನೆಗೆ ಇಳಿಯೋವರೆಗೂ ಮುಚ್ಚಳ ಮುಟ್ಟಬೇಡಿ, ಟಿಲ್ಲಿಯವರೇ. ಆಮೇಲೆ, ನಿಯಮ ಗೊತ್ತಲ್ಲ? ಒಬ್ಬರ ಹೆಸರಲ್ಲಿ ಆರೇ ಜಾಡಿ. ಹೆಚ್ಚು ಇಟ್ಟರೆ ಎಲ್ಲಾ ರದ್ದು."

"ನಂಗೇನ್ ಹೇಳ್ತೀರಿ?" ಎಂದ ಆಂಬ್ರೋಸ್.

ಬಟಾಣಿ ಬೇಯಲಿಟ್ಟವನಿಗೆ ಮುಳ್ಳು ಇಳಿಯುವಷ್ಟು ತಾಳ್ಮೆ ಎಲ್ಲಿ? ಮುಚ್ಚಳ ತೆಗೆದ. ಢಮ್ಮೆಂದ ಸದ್ದಿಗೆ ಬೆಕ್ಕು ಓಡಿಹೋಯಿತು, ಬಟಾಣಿಯೆಲ್ಲ ಚಾವಣಿಗೆ ಹೋಗಿ ಅಂಟಿಕೊಂಡಿತು.

"ಏನ್ರೀ ಅದು ಸದ್ದು?" ಬೇಲಿಯಾಚೆಯಿಂದ ಮಿಸೆಸ್ ಗ್ರೋಟ್ ಕೂಗಿದಳು.

"ಏನಿಲ್ಲ, ಸೀನಿದೆ!"

ಮಾನ ಹೋಗುವ ಹೊತ್ತು. ಆಂಬ್ರೋಸ್ ಕಪಾಟಿನಿಂದ, ಡಬ್ಬದ ಆಹಾರಕ್ಕೆ ಬೇಕಾದ ಇಬ್ಬರ ರೇಷನ್ ಚೀಟಿಗಳನ್ನೂ ತೆಗೆದುಕೊಂಡು ಅಂಗಡಿಗೆ ಓಡಿದ. ನಾಳೆ ವಿನಿಯ ಹುಟ್ಟುಹಬ್ಬ. ಪೀಚ್ ಹಣ್ಣಿನ ಡಬ್ಬ ಕೊಳ್ಳಲೆಂದೇ ಅವಳು ಆ ಚೀಟಿಗಳನ್ನು ಜೋಪಾನ ಮಾಡಿದ್ದಳು. ಆದರೂ ಇದ್ದ ಚೀಟಿಯನ್ನೆಲ್ಲ ಕೊಟ್ಟು ಆರು ಡಬ್ಬ ಬಟಾಣಿ ತಂದ, ಜಾಡಿಗಳಿಗೆ ಸುರಿದ, ಖಾಲಿ ಡಬ್ಬಗಳನ್ನು ಗುಲಾಬಿ ಗಿಡದ ಬುಡದಲ್ಲಿ ಹೂತ.

ಚರ್ಚಿನ ಸಭಾಂಗಣದಲ್ಲಿ ಮಿಸೆಸ್ ಗ್ರೋಟ್ ಅವನ ಜಾಡಿಗೆ ಮೂಗು ತಾಗಿಸಿ ನೋಡಿದಳು. "ಎಲ್ಲಾ ಕಾಳೂ ಒಂದೇ ಅಳತೆ! ಹೇಗ್ರೀ ಇದು?"

"ಶಿಸ್ತಿನಿಂದ ಬೆಳೆಸಿದ್ದು, ತಾಯಿ. ಯುದ್ಧಕಾಲ ಅಲ್ವಾ?"

ಜಾಡಿಗಳ ಮೇಲೆ ಇದ್ದದ್ದು ಬರೀ ಅಂಕಿ. ಹೆಸರುಗಳು ಮುಚ್ಚಿದ ಲಕೋಟೆಯಲ್ಲಿದ್ದವು. ಪಾದ್ರಿಗಳು ರುಚಿ ನೋಡಿ ಬಾಯಿ ಒರೆಸಿಕೊಂಡರು.

"ಎರಡನೆಯ ಬಹುಮಾನ ಒಂಬತ್ತನೇ ಅಂಕಿಗೆ. ಸ್ವಲ್ಪ ಹೆಚ್ಚು ಬೆಂದಿದೆ, ಪರವಾಗಿಲ್ಲ. ಆಂಬ್ರೋಸ್ ಟಿಲ್ಲಿ!"

ಎರಡನೆಯದಾದರೂ ಬಂತಲ್ಲ ಎಂದು ಆಂಬ್ರೋಸ್ ಉಸಿರುಬಿಟ್ಟ.

"ಮೊದಲನೆಯದು ಮೂರನೇ ಅಂಕಿಗೆ. ಎಂಥ ಘಮ, ಎಂಥ ರುಚಿ! ಹೆಸರು..." ಪಾದ್ರಿಗಳು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಇದೂ ಆಂಬ್ರೋಸ್ ಟಿಲ್ಲಿ!"

"ಒಬ್ಬನ ಹೆಸರಲ್ಲಿ ಹನ್ನೆರಡು ಜಾಡಿ!" ಮಿಸೆಸ್ ಗ್ರೋಟ್ ಕುರ್ಚಿಯಿಂದ ಜಿಗಿದೆದ್ದಳು. "ಎಲ್ಲಾ ರದ್ದು!"

ರದ್ದೇ ಆಯಿತು. ಮೊದಲ ಬಹುಮಾನದ ನೀಲಿ ರಿಬ್ಬನ್ ಮೂರನೆಯ ಸ್ಥಾನದಲ್ಲಿದ್ದ ಮಿಸೆಸ್ ಗ್ರೋಟಳ ಎದೆಯೇರಿತು. ಹನ್ನೆರಡು ಜಾಡಿಗಳೂ ಸೈನಿಕರ ಆಸ್ಪತ್ರೆಯ ಗಾಡಿಯೇರಿದವು.

ಕಾರ್ಖಾನೆಯ ಉಡುಪಿನಲ್ಲೇ ಬಂದಿದ್ದ ವಿನಿ ಅವನ ಪಕ್ಕಕ್ಕೆ ಬಂದು ನಿಂತಳು. ಕಣ್ಣು ತುಂಬಿತ್ತು.

"ತಪ್ಪು ನಂದೇ, ಆಂಬ್ರೋಸ್. ನಿನ್ನ ಕೈಲಿ ಆಗುತ್ತೋ ಇಲ್ವೋ ಅಂತ ಹೆದರಿ, ಮೊನ್ನೆಯೇ ನಮ್ಮ ಹಿತ್ತಲ ಬಟಾಣಿ ಒಂದಿಷ್ಟು ಕಿತ್ಕೊಂಡು ಹೋಗಿ, ಗೆಳತಿ ಮನೇಲಿ ಜಾಡಿಗೆ ತುಂಬಿದ್ದೆ. ಬೆಳಿಗ್ಗೆ ನಿನ್ನ ಹೆಸರಲ್ಲಿ ಕೊಟ್ಟು ಹೋದೆ. ನೀನೇ ಇಷ್ಟು ಚೆನ್ನಾಗಿ ಮಾಡ್ತೀಯ ಅಂತ ನಂಗೇನು ಗೊತ್ತಿತ್ತು?"



ವಿನಿ ಕಣ್ಣೊರೆಸಿಕೊಂಡು ಅವನ ತೋಳು ಹಿಡಿದಳು. "ಹೋಗ್ಲಿ ಬಿಡು. ಅಂಗಡಿ ಇನ್ನೂ ಮುಚ್ಚಿಲ್ಲ. ಬಾ, ಪೀಚ್ ಡಬ್ಬ ತಗೊಂಡು ಮನೆಗೆ ಹೋಗೋಣ."