ಎಂಟು ಚಕ್ರದ ವಿಭೂತಿ

ನನ್ನ ಮೊಮ್ಮಗಳು ಅವತ್ತು ಬೀಳಲಿಲ್ಲ. ನಾನು ಬೀಳಿಸಿದೆ. ನೋಡಿದವರು ಕಣ್ಣು ತಾಗಿತು ಎಂದರು. ಕಣ್ಣಿಗೆ ಅಷ್ಟು ಶಕ್ತಿಯಿದ್ದಿದ್ದರೆ ಪಕ್ಕದ ಮನೆಯವಳ ಕಣ್ಣಿಗೆ ನಮ್ಮ ಮನೆ ಎಂದೋ ಕುಸಿದಿರಬೇಕಿತ್ತು.

ಅವಳು ನೆಲದ ಮೇಲೆ ನಡೆದರೆ ಹೊಸ್ತಿಲು ಎಡವುತ್ತಾಳೆ, ಚಕ್ರದ ಬೂಟು ಹಾಕಿದರೆ ರಾಜ್ಯಕ್ಕೇ ಮೊದಲು. ಮಂಜುಗಡ್ಡೆಯ ಮೇಲೆ ಆಡುವ ಆಟವಂತೆ ಅದು. ಮೈಸೂರಿಗೆ ಮಂಜುಗಡ್ಡೆ ಎಲ್ಲಿಂದ ತರುವುದು? ಇಲ್ಲಿ ಸಿಮೆಂಟು ನೆಲ. ಹಾಡು ಹಾಕುತ್ತಾರೆ, ಬುಗುರಿಯಂತೆ ತಿರುಗಿ, ಎಗರಿ, ಒಂಟಿ ಕಾಲಲ್ಲಿ ಇಳಿಯಬೇಕು. ಆಗ ನಮ್ಮ ಬೋಗಾದಿಯ ಹೊಸ ಬಡಾವಣೆಯಲ್ಲಿ ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಅವಳು ಕಲಿತದ್ದು ಅಲ್ಲೇ. ಹಲ್ಲುಜ್ಜುವುದೂ ಒಂಟಿ ಕಾಲಲ್ಲಿ, ರೊಟ್ಟಿ ತಿನ್ನುವುದೂ ಒಂಟಿ ಕಾಲಲ್ಲಿ. ನೆಂಟರೊಬ್ಬರು ಮೆಲ್ಲಗೆ, "ಮಗೂಗೆ ಕಾಲಲ್ಲೇನಾದ್ರೂ ತೊಂದ್ರೇನಾ?" ಎಂದರು.

"ಕಾಲು ಚೆನ್ನಾಗದೆ. ತೊಂದ್ರೆ ತಲೇಲಿ" ಎಂದೆ.

ಹೆದರಿಕೆಯೆಲ್ಲ ನನ್ನದು. ಅವಳು ಎಗರಿದ ಕೂಡಲೇ ಕಣ್ಣು ಮುಚ್ಚುತ್ತಿದ್ದೆ. ಮೂರು ವರ್ಷ ಅವಳು ಗೆದ್ದದ್ದು ನನಗೆ ಗೊತ್ತಾದದ್ದು ಚಪ್ಪಾಳೆಯಿಂದ.

ಆ ವರ್ಷ ಆಯುಧಪೂಜೆಗೆ ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲಕ್ಕೂ ವಿಭೂತಿ ಹಚ್ಚಿದೆ. ಬೂಟನ್ನು ಮಾತ್ರ ಅವಳು ಬಚ್ಚಿಟ್ಟಳು.

"ಮುಟ್ಬೇಡ ಅಜ್ಜಿ. ಬೇರಿಂಗ್ ಒಳಕ್ಕೆ ಪುಡಿ ಹೋದ್ರೆ ಚಕ್ರ ಕಚ್ಕೊತದೆ."

"ದೇವರ ಬೂದಿ ಕಣೇ, ಅದ್ಯಾಕೆ ಕಚ್ಕೊತದೆ?"

ಕೇಳಲಿಲ್ಲ. ಅದೇ ತಿಂಗಳು ರಾಜ್ಯದ ಪಂದ್ಯ, ಅಲ್ಲಿಂದ ದೇಶದ ಪಂದ್ಯಕ್ಕೆ ಆಯ್ಕೆ. ಪೂಜೆಯಾಗದ ಬೂಟಿನಲ್ಲಿ ಎಗರುತ್ತಾಳಲ್ಲ ಎಂದು ನನಗೆ ಅನ್ನ ಸೇರಲಿಲ್ಲ. ಪಂದ್ಯದ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ವಿಭೂತಿ ಕಲಸಿ ಎಂಟು ಚಕ್ರಕ್ಕೂ ಧಾರಾಳವಾಗಿ ಬಳಿದೆ. ಕಾಣಬಾರದೆಂದು ಮೇಲೆ ಒರೆಸಿದೆ. ಒಳಗೆ ಇಳಿದದ್ದು ಮಧ್ಯಾಹ್ನಕ್ಕೆ ಒಣಗಿ ಗಟ್ಟಿಯಾಯಿತು.

ಎರಡನೇ ಸಲ ಎಗರಿದಾಗ ದೊಪ್ಪೆಂದು ಸದ್ದು. ಕಣ್ಣು ಬಿಟ್ಟರೆ ಅವಳು ನೆಲದ ಮೇಲಿದ್ದಳು.

ಕಲಿಸುವ ಮೇಷ್ಟ್ರು ಚಕ್ರ ಬಿಚ್ಚಿ, "ಏನೇ ಇದು ಪುಡಿ?" ಎಂದರು.

ಅವಳು ನನ್ನತ್ತ ಒಮ್ಮೆ ನೋಡಿದಳು. "ಸಿಮೆಂಟು ಸಾರ್. ಬಡಾವಣೇಲಿ ಆಡಿ ಒರೆಸೋದು ಮರ್ತೆ."

ಬಿದ್ದು ಸೋತರೂ, ಮೂರು ಸಲ ಗೆದ್ದವಳೆಂದು ಮೇಷ್ಟ್ರು ಹೆಸರು ಬರೆದುಕೊಟ್ಟರೆ ದೇಶದ ಪಂದ್ಯಕ್ಕೆ ಇನ್ನೂ ಆಯ್ಕೆಯಾಗಬಹುದಿತ್ತು. ಅವರು, "ಬೂಟು ಒರೆಸದವಳ ಹೆಸರು ನಾನು ಬರೆಯಲ್ಲ" ಎಂದುಬಿಟ್ಟರು.

ಬಸ್ಸಿನಲ್ಲಿ ಕೇಳಿದೆ. "ಸುಳ್ಳು ಯಾಕೆ ಹೇಳ್ಬುಟ್ಟೆ?"

"ನಿಜ ಹೇಳಿದ್ರೆ ಅವ್ರು ನಿನ್ನ ಆಟದ ಅಂಗಳದ ಗೇಟಿನೊಳಕ್ಕೇ ಬುಡಲ್ಲ."

"ಬುಡದಿದ್ರೆ ಏನೀಗ? ನಾನೇನು ನೋಡ್ತೀನಾ?"

"ಕಣ್ಮುಚ್ಕೊಂಡೇ ಕೂತಿರು. ತಿರುಗಿ ತಿರುಗಿ ನಂಗೆ ದಿಕ್ಕೇ ತಪ್ಪೋಗುತ್ತೆ ಅಜ್ಜಿ. ನೀನು ಕೂತಿರೋ ಕಡೆ ನೋಡ್ಕೊಂಡೇ ಇಳಿಯೋದು ನಾನು."

ಮರುದಿನ ಬೆಳಗ್ಗೆ, ಅವಳು ಅಭ್ಯಾಸಕ್ಕೆ ಹೊರಡುವ ಮುಂಚೆಯೇ, ಮೇಷ್ಟ್ರ ಅಂಗಳಕ್ಕೆ ಮೊದಲ ಬಸ್ಸು ಹತ್ತಿದೆ. ವಿಭೂತಿ ಗಟ್ಟಿಯನ್ನು ಮೇಷ್ಟ್ರ ಮುಂದಿಟ್ಟು, "ಒರೆಸದೆ ಹೋದೋಳು ಅವಳಲ್ಲ ಕಣ್ರೀ, ಬಳಿದೋಳು ನಾನು. ನನ್ನ ಆಚೆ ನಿಲ್ಸಿ, ಅವಳ ಹೆಸರು ಬರೀರಿ" ಎಂದೆ. ಅವರು ಬಾಯಿ ತೆರೆಯುವ ಮೊದಲೇ ಗೇಟು ದಾಟಿ ಆಚೆ ಬಂದು, ಅವಳು ಇಳಿಯುವಾಗ ನಾನು ಅವಳಿಗೆ ಕಾಣುವ ಜಾಗ ಹುಡುಕಿ ನಿಂತೆ.

ಕಣ್ಣು ಬಿಟ್ಟುಕೊಂಡು.