ಡುವಲ್ಟಾನ ಏಣಿ

ಟೈಗ್‌ನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಮ್ಯೂರನ್ ಕಣ್ಣು ತೆರೆದಾಗ ಮೊದಲು ಕಂಡದ್ದು ಆಕಾಶ. ಊರಿನ ಛಾವಣಿಗಳಿಗೆಲ್ಲ ಹುಲ್ಲು ಹೊದಿಸುತ್ತಿದ್ದ ಗಂಡ ಟೈಗ್, ತನ್ನ ಮನೆಯ ಸರದಿ ಬಂದಾಗ ಹಾಸಿಗೆಯ ನೇರಕ್ಕೆ ಒಂದು ತೂತು ಉಳಿಸಿ, ಎದೆನೋವು ಬಂದು ಹೊರಟುಹೋಗಿದ್ದ. ಕಡಲ ಮೇಲೆ ಮೋಡ ಕವಿಯುತ್ತಿತ್ತು. ಡಬ್ಲಿನ್ನಿನಲ್ಲಿ ಆಕೆ ಲ್ಯಾಟಿನ್ ಓದಿದ್ದಳು. ತೂತಿಗೆ ಅದು ಉಪಯೋಗಕ್ಕೆ ಬರಲಿಲ್ಲ.

ಟೈಗ್ ಎರವಲು ತಂದಿದ್ದ ಏಣಿ ಇನ್ನೂ ಗೋಡೆಗೆ ಒರಗಿತ್ತು. ಮ್ಯೂರನ್ ಹುಲ್ಲಿನ ಕಂತೆ ಹೊತ್ತು ಹತ್ತಿದಳು. ಸ್ವಲ್ಪ ಹೊತ್ತಿಗೇ ಅಂಗಳದಲ್ಲಿ ಸಲಹೆಗಾರರು ನೆರೆದರು.

"ಹುಲ್ಲಿನ ತೆನೆ ತುದಿ ಕೆಳಗೆ ಬರ್ಲಿ ಮಗಳೇ," ಎಂದಳು ಬುಟ್ಟಿ ಹೆಣೆಯುವ ನೋರೀನ್.

"ತೆನೆ ಮೇಲೆ," ಎಂದ ಕಮ್ಮಾರ ಫಿಂಟನ್. "ಬುಟ್ಟಿಗೂ ಮನೆಗೂ ವ್ಯತ್ಯಾಸ ಗೊತ್ತಿಲ್ವಾ ನಿಂಗೆ?"

"ನೀನು ಹೊಡೆದ ಲಾಳ ಕತ್ತೆ ಮನೆ ಮುಟ್ಟೋ ಮೊದ್ಲೇ ಉದುರುತ್ತೆ. ಸುಮ್ನಿರು."

ಒಂದು ಕಂತೆ ಜಾರಿ ಫಿಂಟನ್‌ನ ತಲೆಯ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೂತಿತು. ಅವನು ಅದನ್ನು ತೆಗೆಯದೆಯೇ ವಾದ ಮುಂದುವರಿಸಿದ.

ಮಧ್ಯಾಹ್ನದ ಹೊತ್ತಿಗೆ ತೂತು ಮುಚ್ಚಿತು. ಟೈಗ್ ಸತ್ತ ಮೇಲೆ ಮೊದಲ ಸಲ ಆಕೆಗೆ ಏನೋ ಅನಿಸಿತು. ಸಮಾಧಾನವಿರಬೇಕು.

ಆಗ ಪೀಪಾಯಿ ಮಾಡುವ ಡುವಲ್ಟಾ ಬಂದ.

"ಏಣಿಗೆ ಅಂತ ಬಂದಿದ್ದಲ್ಲಮ್ಮ," ಎಂದ. ಅಂದರೆ ಏಣಿಗೆಂದೇ ಬಂದಿದ್ದ.

"ತಗೊಂಡು ಹೋಗಿ," ಎಂದಳು ಛಾವಣಿಯ ಮೇಲಿನಿಂದ.

"ಛೆ, ಅವಸರ ಏನಿದೆ?"

"ಪರವಾಗಿಲ್ಲ, ತಗೊಂಡು ಹೋಗಿ."

"ಬೇಡಮ್ಮ, ಇರ್ಲಿ."

ಆ ಊರಿನಲ್ಲಿ ಯಾವುದನ್ನೇ ಆಗಲಿ ಮೂರು ಸಲ ನೀಡಬೇಕು. ಎರಡಕ್ಕೇ ನಿಲ್ಲಿಸಿದರೆ ನೀಡಿದ್ದು ಬಾಯಿಮಾತಿಗೆ. ಮೂರನೆಯದನ್ನು ನಿರಾಕರಿಸಿದರೆ ಮನೆಗೆ ಅವಮಾನ. ಅದೂ ಸಾವಾದ ಮನೆ. ಎಲ್ಲರೂ ಮ್ಯೂರನ್‌ಳ ಬಾಯಿಯನ್ನೇ ನೋಡಿದರು. ಹೇಳಬೇಡ ತಾಯಿ ಎಂದು ಡುವಲ್ಟಾನ ಕಣ್ಣುಗಳು ಬೇಡುತ್ತಿದ್ದವು.

ಎರವಲು ತಂದದ್ದನ್ನು ಮನಸಿಲ್ಲದೆ ಹಿಂದಿರುಗಿಸಿದರು ಎಂಬ ಮಾತು ಟೈಗ್‌ನ ಹೆಸರಿಗೆ ಅಂಟಬಾರದು.

"ತಗೊಂಡು ಹೋಗಿ, ಡುವಲ್ಟಾ. ನಿಮ್ಮಿಂದ ಅವರಿಗೆ ತುಂಬ ಉಪಕಾರ ಆಯ್ತು."

ಡುವಲ್ಟಾ ಟೋಪಿ ತೆಗೆದು ತಲೆಬಾಗಿದ. ಏಣಿಯನ್ನು ಹೆಗಲಿಗೇರಿಸಿಕೊಂಡು ಹೊರಟ. ಹಿಂದಿರುಗಿಸಿದ್ದನ್ನು ಅದೇ ದಿನ ಮತ್ತೆ ಕೇಳುವಷ್ಟು ನಾಚಿಕೆಗೆಟ್ಟವರು ಅಲ್ಲಿ ಯಾರೂ ಇರಲಿಲ್ಲ.

ಮಳೆಯ ಮೊದಲ ಹನಿ ಮ್ಯೂರನ್‌ಳ ಕೈ ಮೇಲೆ ಬಿತ್ತು. ಇಳಿಯಲು ಉಳಿದದ್ದು ಒಂದೇ ದಾರಿ. ಅದು ನೇರ ಹಾಸಿಗೆಗೆ ಹೋಗುತ್ತಿತ್ತು. ಆಕೆ ಬಗ್ಗಿ, ಆಗಷ್ಟೇ ತೂತಿಗೆ ಮುಚ್ಚಿದ್ದ ಕಂತೆಗೆ ಕೈ ಹಾಕಿದಳು.

"ತೆನೆ ಹಿಡ್ದು ಎಳಿ ಮಗಳೇ," ಎಂದಳು ನೋರೀನ್.

"ಬುಡ ಹಿಡ್ದು," ಎಂದ ಫಿಂಟನ್.

"ಡುವಲ್ಟಾ, ಹುಷಾರು," ಎಂದು ಮ್ಯೂರನ್ ಮೇಲಿನಿಂದ ಕೂಗಿದಳು. "ಏಣಿ ಗೇಟಿಗೆ ತಾಗೀತು."